ನೀಲಿ ಪಟ್ಟೆಯ ಜೆಲ್ಲೂ ರೇಣುವಿನ ಲಗ್ನವೂ

ಶಿವರಾಜ ಹಿಪ್ಪರಗಿ ವಿಜ್ಞಾನಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪುಣೆಯ ಸದಾಶಿವ ಪೇಠದಲ್ಲಿ ಅವನಿರುವ ಗಲ್ಲಿಯಲ್ಲಿ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಊರಾಚೆಯ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಅವನು ಸ್ಟೋರ್ ಕೀಪರ್. ಗಾಜಿನ ಬಾಟಲಿ, ಕೈಗವಸು, ಟಿಶ್ಯೂ ಕಾಗದ ಬಂದರೆ ಒಳಗಿಡುವುದು, ಯಾರಾದರೂ ಕೇಳಿದರೆ ಹೊರಗೆ ಕೊಡುವುದು, ಕೊಡುವಾಗ ತನ್ನ ಮನೆಯ ಸಾಮಾನನ್ನೇ ದಾನ ಮಾಡುತ್ತಿರುವಂತೆ ಮುಖ ಗಂಟಿಕ್ಕುವುದು, ಇಷ್ಟು ಅವನ ಕೆಲಸ. ಒಂದು ಸಲ ಲ್ಯಾಬಿನ ಬಿಳಿ ಕೋಟನ್ನು ಒಗೆಯಲೆಂದು ಮನೆಗೆ ತಂದ. ಹೆಂಡತಿ ನೀತಾ ಅದನ್ನು ಗ್ಯಾಲರಿಯಲ್ಲಿ ಒಣಹಾಕಿದಳು. ಎದುರುಮನೆಯ ಶಾಮಲಾ ಮಾವಶಿ ಅದನ್ನು ಕಂಡರು. ಸಂಜೆಯೊಳಗೆ ಅವನು ಇಡೀ ಗಲ್ಲಿಗೆ 'ಸೈಂಟಿಸ್ಟ್ ಸಾಹೇಬ'ನಾಗಿದ್ದ. ತಾನಾಗಿ ಮನೆ ಬಾಗಿಲಿಗೆ ಬಂದ ಪದವಿಯನ್ನು ತಳ್ಳಿಕಳಿಸುವಷ್ಟು ಒರಟುತನ ಶಿವರಾಜನಲ್ಲಿ ಇರಲಿಲ್ಲ.

ಪದವಿಗೆ ತಕ್ಕ ಗುರುತೊಂದು ಮನೆಯಲ್ಲಿ ಬೇಕಲ್ಲ. ಅದಕ್ಕಾಗಿ ಅವನು ಲ್ಯಾಬಿನಿಂದ ಒಂದು ಹಳೆಯ ಜೆಲ್ ತಂದ. ಜೆಲ್ ಎಂದರೆ ತೆಳ್ಳನೆಯ, ಮೆತ್ತನೆಯ, ನಡುಗುವ ಹಾಳೆ. ಬೀಜವನ್ನು ಅರೆದು ರಸ ತೆಗೆದು ಅದರ ಮೇಲ್ತುದಿಯ ಗುಂಡಿಗಳಲ್ಲಿ ಬಿಟ್ಟು ಕರೆಂಟು ಹಾಯಿಸಿದರೆ, ಬೀಜದೊಳಗಿನ ಪ್ರೋಟೀನುಗಳು ಕೆಳಗೆ ಓಡುತ್ತವೆ. ದಪ್ಪನೆಯವು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತವೆ, ಸಣ್ಣವು ಮುಂದೆ ಹೋಗುತ್ತವೆ. ಬಣ್ಣ ಹಾಕಿ ತೊಳೆದರೆ ಪ್ರತಿ ಬೀಜಕ್ಕೂ ನೀಲಿ ಪಟ್ಟೆಗಳ ಒಂದೊಂದು ಸಾಲು ಮೂಡುತ್ತದೆ. ಯಾವುದು ಅಸಲಿ ತಳಿ, ಯಾವುದು ಬೆರಕೆ ಎಂದು ಅದರಿಂದ ತಿಳಿಯುತ್ತದೆ. ಕೆಲವನ್ನು ನೆನಪಿಗೆಂದು ಗಾಜಿನಂಥ ಸೆಲೋಫೇನ್ ಹಾಳೆಗಳ ನಡುವೆ ಒಣಗಿಸಿ ಇಡುತ್ತಾರೆ. ಶಿವರಾಜ ತಂದದ್ದು ಅಂಥದೊಂದು. ಅದಕ್ಕೆ ಕಟ್ಟು ಹಾಕಿಸಿ, ಹಾಲ್‌ನಲ್ಲಿ ಬಸವಣ್ಣನ ಫೋಟೋದ ಪಕ್ಕ ತೂಗುಹಾಕಿದ. ಅದು ಬದನೆಕಾಯಿ ಬೀಜದ ಜೆಲ್ ಎಂಬುದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕಥೆಯಿಲ್ಲ. ಆದರೆ ಶಿವರಾಜನಿಗೆ ರೇಣು ಎಂಬ ತಂಗಿ ಇದ್ದಳು. ತಂದೆ ಹೋದಾಗ ಅವಳಿನ್ನೂ ಫ್ರಾಕು ಹಾಕುತ್ತಿದ್ದಳು. ಅಂದಿನಿಂದ ಅವಳ ಪಾಲಿಗೆ ಅಣ್ಣನೂ ಅಪ್ಪನೂ ಇವನೇ. ಈಗ ಅವಳು ಕೋಚಿಂಗ್ ಕ್ಲಾಸಿನಲ್ಲಿ ಅಕೌಂಟ್ಸ್ ಕಲಿಸುತ್ತಾಳೆ. ಕ್ಲಾಸು ಮುಗಿದ ಮೇಲೆ ಸಂಕಪ್ಪ ಶೆಟ್ಟರ ಹೋಟೆಲಿಗೆ ಚಹಾಕ್ಕೆ ಹೋಗುತ್ತಿದ್ದಳು. ಶೆಟ್ಟರ ಮಗ ಅಶ್ವಿತ್ ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್, ರಜಾದಿನ ಮಾತ್ರ ಹೋಟೆಲಿನ ಹಣದ ಗಲ್ಲೆಯ ಮೇಲೆ ಕೂರುವವನು. ಒಂದು ಚಹಾದ ಚಿಲ್ಲರೆ ವಾಪಸು ಕೊಡಲು ಅವನಿಗೆ ಅಷ್ಟು ಹೊತ್ತು ಏಕೆ ಹಿಡಿಯುತ್ತದೆಂದು ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದಾಗ ಸುದ್ದಿ ಎರಡೂ ಮನೆಗೆ ಮುಟ್ಟಿತು.

ಒಂದು ಮನೆ ವಿಜಯಪುರ ಕಡೆಯ ಲಿಂಗಾಯತರದು, ಇನ್ನೊಂದು ಉಡುಪಿ ಕಡೆಯ ಬಂಟರದು. ಒಂದು ಕಡೆ ಊಟ ಬಿಟ್ಟು ಮುನಿಸು, ಇನ್ನೊಂದು ಕಡೆ ಮಾತು ಬಿಟ್ಟು ಮುನಿಸು. ಎಲ್ಲರೂ ಮುನಿದು ಸುಸ್ತಾದ ಮೇಲೆ, ಆಗಲಿ ಎಂದು ಶೆಟ್ಟರೂ ಹೆಂಡತಿ ಲೀಲಾಕ್ಷಿಯೂ ಮಾತುಕತೆಗೆ ಹಿಪ್ಪರಗಿಯವರ ಮನೆಗೆ ಬಂದರು.

ಶಾಮಲಾ ಮಾವಶಿಯನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದ ಅವರು ಎಲ್ಲರಿಗಿಂತ ಮೊದಲೇ ಬಂದು ಒಳ್ಳೆಯ ಕುರ್ಚಿಯಲ್ಲಿ ಕೂತಿದ್ದರು. ಲೀಲಾಕ್ಷಿ ಬಂದವರೇ ಕೂರದೆ ಗೋಡೆಯ ಹತ್ತಿರ ಹೋದರು.

"ಇದು ಎಂತದು? ನೀಲಿ ನೀಲಿ ಗೆರೆ?"

ಬದನೆಕಾಯಿ ಎಂಬ ಮಾತು ಶಿವರಾಜನ ನಾಲಿಗೆಯ ತುದಿಯವರೆಗೆ ಬಂತು. ಬೀಗರ ಎದುರಿಗೆ, ಬಸವಣ್ಣನ ಪಕ್ಕದಲ್ಲಿ, ಬದನೆಕಾಯಿ ಎನ್ನುವುದು ಹೇಗೆ? "ಜೆಲ್ ಅಂತಾರ್ರಿ ಅದಕ್ಕ," ಎಂದ. "ವಂಶದ ಪರೀಕ್ಷಾ."

"ಯಾರ ವಂಶದ್ದು?" ಎಂದರು ಶೆಟ್ಟರು.

ಶಾಮಲಾ ಮಾವಶಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಗ ಬಾಯೀ! ಬೇರೆಯವರ ವಂಶವನ್ನು ತಮ್ಮ ಮನೆ ಗೋಡೆಗೆ ಯಾರು ಹಾಕಿಕೊಳ್ಳುತ್ತಾರೆ?" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು.

ಲೀಲಾಕ್ಷಿ ಕನ್ನಡಕ ಹಾಕಿಕೊಂಡರು. "ಇದರಲ್ಲಿ ಹುಡುಗಿ ಯಾವುದು?"

ಶಿವರಾಜ ನಿಧಾನವಾಗಿ ಕೈಯೆತ್ತಿ, ಅಂಚಿನಲ್ಲಿದ್ದ ಒಂದು ಸಾಲನ್ನು ತೋರಿಸಿದ. ಸುಳ್ಳು ಹೇಳಬೇಕೆಂದಲ್ಲ, ಕೈ ತಾನಾಗಿ ಹೋಯಿತು.

"ಉಳಿದವರಿಗೆಲ್ಲ ಇಲ್ಲಿ ಒಂದು ದಪ್ಪ ಗೆರೆ ಉಂಟು. ಹುಡುಗಿಗೆ ಮಾತ್ರ ಇಲ್ಲ. ಏನು ಕೊರತೆ?" ಎಂದು ಲೀಲಾಕ್ಷಿ ಕೇಳಿದರು.

ತಾಯಿ ಬಸವಣ್ಣೆವ್ವ ಕೂತಲ್ಲಿಂದ ಎದ್ದಳು. "ನನ್ನ ಮಗಳಿಗಿ ಏನೂ ಕಮ್ಮಿ ಇಲ್ರಿ! ಬಿ.ಕಾಂ. ಮಾಡ್ಯಾಳ. ಎರಡು ಕಿಲೋ ಹಿಟ್ಟಿನ ರೊಟ್ಟಿ ಒಬ್ಬಾಕಿನ ಬಡೀತಾಳ. ಯಾವ ಗೆರಿ ಇಲ್ಲ ಅಂತೀರಿ?"

"ಅವ್ವಾ, ಕೂಡು," ಎಂದ ಶಿವರಾಜ. "ಅದು ಸಿಟ್ಟಿನ ಗೆರಿರಿ. ನಮ್ಮ ಮನ್ಯಾಗ ಎಲ್ಲಾರಿಗೂ ಅದ. ರೇಣುಗ ಇಲ್ಲ. ಆಕಿಗೆ ಸಿಟ್ಟ ಬರೂದಿಲ್ಲ."

ರೇಣು ಚಹಾ ಮಾಡುತ್ತಿದ್ದ ಅಡುಗೆಮನೆಯಲ್ಲಿ ಟ್ರೇ ದಡಾರನೆ ಕಟ್ಟೆಗೆ ಬಡಿದ ಸದ್ದಾಯಿತು. ಲೀಲಾಕ್ಷಿ ಮಾತ್ರ ಪೂರ್ತಿ ಕರಗಿಹೋಗಿದ್ದರು. ಸಿಟ್ಟಿಲ್ಲದ ಸೊಸೆ, ಅದೂ ಲ್ಯಾಬಿನ ದಾಖಲೆಯೊಂದಿಗೆ! ಯಾವ ಅತ್ತೆಗೆ ಸಿಕ್ಕೀತು?

"ನೋಡಿ," ಎಂದರು ಅವರು, "ನಿಮ್ಮಲ್ಲಿ ಜಾತಕ ಇಲ್ಲ ಅಂತ ಕೇಳಿದ್ದೇನೆ. ಬೇಡ ಬಿಡಿ. ನಮ್ಮ ಅಶ್ವಿತ್‌ನದ್ದೂ ಇಂಥದೇ ಒಂದು ತೆಗೆಯಿರಿ. ಎರಡೂ ಒಟ್ಟಿಗೆ ಇಟ್ಟು ನೋಡುವಾ. ನಮಗೂ ಒಂದು ಸಮಾಧಾನ ಬೇಕಲ್ಲ?"

ಮರುದಿನ ಬೆಳಿಗ್ಗೆ ಹೋಟೆಲಿನಿಂದ ಒಂದು ಪಾರ್ಸಲ್ ಬಂತು. ಇಡ್ಲಿ ಎಂದುಕೊಂಡು ನೀತಾ ತಟ್ಟೆ ತಂದಳು. ದಾರ ಬಿಚ್ಚಿ, ಪೇಪರು ತೆಗೆದು, ಬಾಳೆಲೆ ಬಿಡಿಸಿದರೆ ಒಳಗೆ ಅಶ್ವಿತ್‌ನ ತಲೆಗೂದಲು ಮತ್ತು ಉಗುರು ಅಚ್ಚುಕಟ್ಟಾಗಿ ಕೂತಿದ್ದವು. ನೀತಾ ಅಂದು ತಿಂಡಿ ತಿನ್ನಲಿಲ್ಲ.

ಲ್ಯಾಬಿನಲ್ಲಿ ಜೆಲ್ ಓಡಿಸುವವಳು ಭವ್ಯಶ್ರೀ, ಬೆಂಗಳೂರಿನ ಹುಡುಗಿ. ಶಿವರಾಜ ಅವಳ ಮೇಜಿನ ಬಳಿ ಹೋಗಿ, ಯಾರೂ ಕೇಳದಷ್ಟು ಮೆಲ್ಲಗೆ, ಎಸೆಯುವ ಜೆಲ್ ಒಂದಿದ್ದರೆ ಕೊಡಬೇಕೆಂದ.

"ಯಾವ ತರದ್ದು ಬೇಕು ಸರ್?"

"ಎಲ್ಲಾ ಸಾಲೂ ಒಂದೇ ನಮೂನಿ ಇರಬೇಕ್ರಿ. ಕೂದಲೆಳಿಯಷ್ಟೂ ಫರಕ ಇರಬಾರದು." ಅವನ ಲೆಕ್ಕ ಸರಳವಾಗಿತ್ತು. ಗಂಡಿನ ಪಟ್ಟೆ ಹೆಣ್ಣಿನ ಪಟ್ಟೆ ಪೂರ್ತಿ ಹೊಂದಿದರೆ ಇನ್ಯಾವ ಬೀಗರು ತಕರಾರು ಮಾಡಲು ಸಾಧ್ಯ?

"ನಿನ್ನೆದೇ ಇದೆ. ಬ್ರಿಂಜಾಲ್, ಒಂದೇ ಲಾಟಿನ ಸೀಡ್ಸು, ಫುಲ್ ಪ್ಯೂರ್. ಆದ್ರೆ ನಮ್ಮ ಡ್ರೈಯರ್ ಕೆಟ್ಟಿದೆ ಸರ್, ಹಸಿದೇ ತಗೊಂಡು ಹೋಗಿ ಮನೇಲಿ ಒಣಗಿಸ್ಕೋಬೇಕು." ಅವಳು ಬಿಡಿಸಿ ಹೇಳಿದಳು: ಮೊದಲು ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ನೆನೆಯಿಸಬೇಕು, ಆಮೇಲೆ ಒದ್ದೆ ಮಾಡಿದ ಎರಡು ಸೆಲೋಫೇನ್ ಹಾಳೆಗಳ ನಡುವೆ ಇಟ್ಟು ಚೌಕಟ್ಟಿಗೆ ಬಿಗಿಯಬೇಕು, ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯಬಾರದು. "ಫ್ಯಾನು ಬೇಡ, ಬಿಸಿಲು ಬೇಡ. ಅರ್ಜೆಂಟ್ ಮಾಡಿದ್ರೆ ಟಪ್ ಅಂತ ಒಡೆದುಹೋಗುತ್ತೆ."

ಒಡೆಯಬಹುದು ಎಂಬ ಮಾತು ಶಿವರಾಜನ ಎದೆಗೆ ನಾಟಿತು. ಊಟದ ಡಬ್ಬಿಯಲ್ಲಿ ನೀರು ತುಂಬಿ, ಅದರೊಳಗೆ ಜೆಲ್ ತೇಲಿಬಿಟ್ಟು, ಸಂಜೆಯ ತುಂಬಿದ ಬಸ್ಸಿನಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತ. ಏನದು ಎಂದು ಕಂಡಕ್ಟರ್ ಕೇಳಿದ್ದಕ್ಕೆ "ತಂಗಿ ಲಗ್ನ" ಎಂದ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಮನೆಯಲ್ಲಿ ಒಣಗಿಸುವ ವಿದ್ಯೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅದೇ ತೊಂದರೆಯಾಯಿತು. ನೀತಾ ಮೆಡಿಕಲ್ ಅಂಗಡಿಯಿಂದ ತಂದದ್ದು ತುಟಿಗೆ ಹಚ್ಚುವ ಗುಲಾಬಿ ಗ್ಲಿಸರಿನ್. ಜೆಲ್ ಮದುವೆಮನೆಯಂತೆ ಘಮಘಮಿಸತೊಡಗಿತು. ಬಸವಣ್ಣೆವ್ವ ಸಂಡಿಗೆ ಹಾಕುವ ಮಂಚವನ್ನು ಮಾಳಿಗೆಗೆ ಸಾಗಿಸಿಯೇ ಬಿಟ್ಟಿದ್ದಳು.

"ಬಿಸಲಾಗ ಹಾಕೋ. ಒಂದ ಮಧ್ಯಾಹ್ನದಾಗ ಖಡಕ್ ಆಗ್ತದ."

"ಬಿಸಲ ಬ್ಯಾಡ ಅವ್ವಾ. ಒಡೀತದ."

"ನಲವತ್ತು ವರ್ಷ ಸಂಡಿಗಿ ಹಾಕೀನಿ, ಒಂದರೆ ಒಡದದ ಏನು?"

"ಇದು ಸಂಡಿಗಿ ಅಲ್ಲವ್ವಾ, ವಿಜ್ಞಾನ."

"ಒಣಗೂದು ಒಣಗೂದ. ವಿಜ್ಞಾನಕ್ಕೇನು ಬ್ಯಾರೆ ಸೂರ್ಯಾ ಇರ್ತಾನ?"

ಮಂಚ ಮಾಳಿಗೆಯ ಮೇಲೇ ಉಳಿಯಿತು. ಶಿವರಾಜ ಜೆಲ್ಲನ್ನು ಹಾಳೆಗಳ ನಡುವೆ ಹಾಸಿ, ಲಟ್ಟಣಿಗೆಯಿಂದ ಗಾಳಿಗುಳ್ಳೆಗಳನ್ನು ಒಂದೊಂದಾಗಿ ಅಂಚಿಗೆ ಅಟ್ಟಿ, ಹಳೆಯ ಫೋಟೋ ಚೌಕಟ್ಟಿಗೆ ಬಟ್ಟೆ ಒಣಹಾಕುವ ಚಿಮಟಿಗಳಿಂದ ಬಿಗಿದು, ಹಾಲ್‌ನ ನಡುವೆ ಸ್ಟೂಲಿನ ಮೇಲೆ ನಿಲ್ಲಿಸಿದ. ಅದು ಒಣಗುವವರೆಗೆ ಮನೆಯಲ್ಲಿ ಫ್ಯಾನು ಹಾಕಕೂಡದು, ಒಗ್ಗರಣೆ ಹಾಕಕೂಡದು, ಜೋರಾಗಿ ಸೀನಕೂಡದು ಎಂದು ಅಪ್ಪಣೆಯಾಯಿತು. ಮನೆಯವರು ಬೆವರುತ್ತ ಮಜ್ಜಿಗೆ ಅನ್ನ ತಿಂದರು. ಶಾಮಲಾ ಮಾವಶಿ ಹೊತ್ತುಹೊತ್ತಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿಗೆ ಸುತ್ತು ಹಾಕಿ, ಹುಡುಗ ಎಷ್ಟು ಒಣಗಿದ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ರೇಣು ಮಾತ್ರ ಅಣ್ಣನ ಪಕ್ಕ ಬಂದು ಕೂತಳು. "ಅಣ್ಣಾ, ಇದೆಲ್ಲ ಬೇಕಿತ್ತೇನು?"

"ನಿನ್ನ ಸಲುವಾಗಿ, ತಂಗೀ. ಸ್ಟೋರ್ ಕೀಪರನ ತಂಗಿ ಅಂತ ಆ ಮನ್ಯಾಗ ನಿನ್ನನ್ಯಾರೂ ಹಗುರಾಗಿ ನೋಡಬಾರದು." ಅಷ್ಟು ಮಾತು ಮಾತ್ರ ಅವನು ಅಪ್ಪಟ ನಿಜ ಹೇಳಿದ್ದ.

ಜೆಲ್ ಒಣಗಿತು. ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಡ್ರೈಯರಿನಲ್ಲಿಯೂ ಇಷ್ಟು ಸೊಗಸಾಗಿ ಒಣಗುವುದಿಲ್ಲ. ಶೆಟ್ಟರು, ಲೀಲಾಕ್ಷಿ, ಅಶ್ವಿತ್ ಬಂದು ಕೂತರು. ಶಿವರಾಜ ಬಿಳಿ ಕೋಟು ಹಾಕಿಕೊಂಡು, ಚೌಕಟ್ಟನ್ನು ಟ್ಯೂಬ್‌ಲೈಟಿಗೆ ಹಿಡಿದ.

"ಇದು ನಮ್ಮ ರೇಣು. ಬಾಜೂಕಿನದು ಅಶ್ವಿತ್. ನೋಡ್ರಿ, ಮ್ಯಾಲಿನ ಗೆರಿಗೆ ಮ್ಯಾಲಿನ ಗೆರಿ, ಕೆಳಗಿನ ಗೆರಿಗೆ ಕೆಳಗಿನ ಗೆರಿ. ಒಂದರೆ ಫರಕ ಅದ ಏನು? ನೂರಕ್ಕ ನೂರು!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೀಲಾಕ್ಷಿ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಎರಡೂ ಒಂದೇ ಉಂಟಲ್ಲ?"

"ಹೌದು, ಒಂದೇ," ಎಂದರು ಶೆಟ್ಟರು. ಅವರ ದನಿ ಬಿದ್ದುಹೋಗಿತ್ತು. "ಒಂದೇ ವಂಶ ಅಂತ ಆಯಿತು. ಶಿವರಾಜರೇ, ನಮ್ಮಲ್ಲಿ ಬಳಿ ಅಂತ ಉಂಟು. ಒಂದೇ ಬಳಿಯವರು ಅಣ್ಣ ತಂಗಿ. ಮದುವೆ ಆಗ್ಲಿಕ್ಕಿಲ್ಲ."

ಬಸವಣ್ಣೆವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ನಮ್ಮಲ್ಲೂ ಹಂಗ ಅದರಿ. ನಾವು ಬೆಡಗ ಅಂತೀವಿ. ಒಂದ ಬೆಡಗಿನವರು ಲಗ್ನಾ ಆಗೂ ಹಂಗಿಲ್ಲ!"

ಜಾತಿ ಬೇರೆ, ಊರು ಬೇರೆ, ಊಟ ಬೇರೆ, ಮಾತು ಬೇರೆ ಎಂದು ಇಷ್ಟು ದಿನ ಮುನಿದಿದ್ದ ಎರಡು ಮನೆಗಳು, ಈಗ ತಮ್ಮಿಬ್ಬರದೂ ಒಂದೇ ರಕ್ತವೆಂದು ಒಮ್ಮತಕ್ಕೆ ಬಂದಿದ್ದವು. ಮೊದಲ ಸಲ ಬಸವಣ್ಣೆವ್ವನೂ ಲೀಲಾಕ್ಷಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ಹಿಂದೆ ಯಾವ ಕಾಲದಲ್ಲೋ ಘಟ್ಟ ಹತ್ತಿ ಬಂದ ಪೂರ್ವಜರೊಬ್ಬರನ್ನು ಶಾಮಲಾ ಮಾವಶಿ ಅಲ್ಲಿಯೇ ಹುಟ್ಟಿಸಿ ಕೊಟ್ಟರು. ಅಶ್ವಿತ್ ಬಾಯಿ ತೆರೆದಾಗಲೆಲ್ಲ ಅವನ ತಾಯಿ "ನೀನು ಸುಮ್ಮನಿರು, ತಂಗಿಯ ಎದುರಿಗೆ ಹಾಗೆಲ್ಲ ಮಾತಾಡಬಾರದು" ಎನ್ನುತ್ತಿದ್ದರು. ರೇಣು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಟ್ಟಿನ ಗೆರೆಯಿಲ್ಲದ ಹುಡುಗಿ ಹಾಕಿದ ಬಾಗಿಲಿನ ಹೊಡೆತಕ್ಕೆ ಗೋಡೆಯ ಸುಣ್ಣ ಉದುರಿತು.

ಶಿವರಾಜ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದ. ಒಂದು ಬಿರುಕು, ಒಂದೇ ಒಂದು ಗುಳ್ಳೆ ಬಂದಿದ್ದರೂ ಏನಾದರೂ ನೆಪ ಹೇಳಬಹುದಿತ್ತು. ತನ್ನ ಕೈಯಿಂದಲೇ, ಇಷ್ಟು ಚೆನ್ನಾಗಿ, ತಂಗಿಯ ಬಾಳನ್ನು ಒಣಗಿಸಿದೆನಲ್ಲ ಎಂದು ಅವನಿಗೆ ಅಳು ಬಂತು.

ಮರುದಿನ ಅವನು ನೇರವಾಗಿ ಹೋಟೆಲಿಗೆ ಹೋಗಿ, ಗಲ್ಲೆಯ ಮುಂದೆ ನಿಂತು, ಒಂದೇ ಉಸಿರಿಗೆ ಹೇಳಿಬಿಟ್ಟ. "ಶೆಟ್ಟರ, ನಾ ಸೈಂಟಿಸ್ಟ್ ಅಲ್ಲ. ಸ್ಟೋರ್ ಕೀಪರ್. ಅದು ರೇಣುನೂ ಅಲ್ಲ, ಅಶ್ವಿತ್‌ನೂ ಅಲ್ಲ. ಬದನಿಕಾಯಿ."

ಸಂಕಪ್ಪ ಶೆಟ್ಟರು ಚಿಲ್ಲರೆ ಎಣಿಸುವುದನ್ನು ಬಿಟ್ಟು ಎದ್ದು ಬಂದರು. ಅವರ ಕಣ್ಣು ತೇವವಾಯಿತು. "ಕೂತ್ಕೊಳ್ಳಿ. ಒಂದು ಕಾಫಿ ತಗೊಳ್ಳಿ. ತಂಗಿಗೋಸ್ಕರ ನೀವು ಇಷ್ಟು ಕೆಳಗೆ ಇಳಿಯುತ್ತೀರಿ ಅಂತ ಎಣಿಸಿರಲಿಲ್ಲ ಮಾರಾಯ್ರೆ. ಸ್ವಂತ ಹುದ್ದೆಯನ್ನೇ ಇಲ್ಲ ಅಂತೀರಲ್ಲ? ಆದ್ರೆ ವಿಜ್ಞಾನ ಸುಳ್ಳು ಹೇಳ್ತದಾ?"

ಅವನು ಭವ್ಯಶ್ರೀಯನ್ನೇ ಕರೆತಂದ.

"ಅಂಕಲ್, ಅದು ನಿಜವಾಗ್ಲೂ ಬ್ರಿಂಜಾಲ್. ನಾನೇ ಮಾಡಿದ್ದು."

"ನೀನು ಕೆಲಸಕ್ಕೆ ಸೇರಿ ಎಷ್ಟು ಸಮಯ ಆಯ್ತು ಮಗಾ?"

"ಒಂದು ವರ್ಷ."

"ಇವರು?"

"ಇಪ್ಪತ್ತು ವರ್ಷ ಆಗಿರಬೇಕು."

"ಆಯ್ತಲ್ಲ. ದೊಡ್ಡವರು ಹೇಳು ಅಂದರು, ನೀನು ಹೇಳಿದೆ. ನಿನ್ನ ತಪ್ಪಲ್ಲ. ದೋಸೆ ತಿನ್ನುತ್ತೀಯಾ?" ಭವ್ಯಶ್ರೀ ದೋಸೆ ತಿಂದಳು. ವಿಜ್ಞಾನದ ಪರವಾಗಿ ಮಾಡಲು ಅವಳಿಗೆ ಇನ್ನೇನೂ ಉಳಿದಿರಲಿಲ್ಲ.

ಬಾಯಿಮಾತು ಸಾಲದು, ಕಣ್ಣಿಗೇ ತೋರಿಸಬೇಕು ಎಂದು ಶಿವರಾಜ ತೀರ್ಮಾನಿಸಿದ. ಈ ಜೆಲ್ಲಿನಲ್ಲಿ ಬರುವುದು ಮನುಷ್ಯರಲ್ಲ, ಕಾಳುಕಡಿ ಎಂದು ಹೆಸರು ಸಮೇತ ತೋರಿಸಿದರೆ, ಹಿಂದಿನದೂ ಬದನೆಕಾಯಿಯೇ ಎಂದು ಒಪ್ಪಲೇಬೇಕಲ್ಲ? ಮನೆಯ ಡಬ್ಬಿಯಿಂದ ಒಂದು ಮುಷ್ಟಿ ಜೋಳ, ಹೋಟೆಲಿನ ಚೀಲದಿಂದ ಒಂದು ಮುಷ್ಟಿ ಕುಚ್ಚಿಲಕ್ಕಿ ತೆಗೆದುಕೊಂಡು ಹೋಗಿ ಭವ್ಯಶ್ರೀಗೆ ಕೊಟ್ಟ. ಬಂದ ಜೆಲ್ಲನ್ನು ಮತ್ತೆ ಗುಲಾಬಿ ಗ್ಲಿಸರಿನ್‌ನಲ್ಲಿ ನೆನೆಯಿಸಿ, ಮನೆಯವರನ್ನು ಮತ್ತೆ ಬೆವರಿಸಿ, ಒಣಗಿಸಿದ. ಒಣಗಿದ ಮೇಲೆ ಒಂದು ಸಾಲಿನ ಕೆಳಗೆ 'ಅಕ್ಕಿ' ಎಂದೂ ಇನ್ನೊಂದರ ಕೆಳಗೆ 'ಜೋಳ' ಎಂದೂ ದಪ್ಪ ಅಕ್ಷರದಲ್ಲಿ ತಾನೇ ಬರೆದ. ಇದಕ್ಕಿಂತ ಸತ್ಯವಾದ ವಸ್ತು ಆ ಮನೆಯೊಳಗೆ ಬಂದೇ ಇರಲಿಲ್ಲ.

ಇನ್ನೊಂದು ಪರೀಕ್ಷೆ ಮಾಡಿದ್ದೇನೆ, ಒಮ್ಮೆ ನೋಡಿಬಿಡಿ ಎಂದು ಹೇಳಿಕಳಿಸಿದ. ಎಲ್ಲರೂ ಸಾವಿನ ಮನೆಗೆ ಬಂದವರಂತೆ ಬಂದು ಕೂತರು. ರೇಣು ಬಾಗಿಲ ಸಂದಿಯಲ್ಲಿ ನಿಂತಳು, ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅಂದು ಶಿವರಾಜ ಕೋಟು ಹಾಕಿರಲಿಲ್ಲ.

"ಇದರಾಗ ಸುಳ್ಳಿಲ್ರಿ," ಎಂದು ಚೌಕಟ್ಟು ಮುಂದೆ ಹಿಡಿದ. "ಬರದದ ನೋಡ್ರಿ. ಇದು ಅಕ್ಕಿ. ಇದು ಜ್ವಾಳ."

ಲೀಲಾಕ್ಷಿ ಓದಿದರು. ಇನ್ನೊಮ್ಮೆ ಓದಿದರು. ಎರಡು ಸಾಲುಗಳ ಮೇಲೂ ಬೆರಳಾಡಿಸಿದರು. ಒಂದರಲ್ಲಿದ್ದ ಪಟ್ಟೆ ಇನ್ನೊಂದರಲ್ಲಿ ಇರಲಿಲ್ಲ. ಒಂದು ಗೆರೆಯೂ ಇನ್ನೊಂದರ ಮಟ್ಟಕ್ಕೆ ಕೂರುತ್ತಿರಲಿಲ್ಲ.

"ಅಕ್ಕಿ ಅಂದರೆ ನಮ್ಮವ," ಎಂದರು ಮೆಲ್ಲಗೆ. "ಜೋಳ ಅಂದರೆ ಹುಡುಗಿ." ಆಮೇಲೆ ಎದ್ದೇ ನಿಂತರು. "ರೀ, ಕೇಳಿದ್ರಾ? ಹುಟ್ಟಿದಾಗಿನಿಂದ ಯಾರು ಏನು ಉಂಡಿದ್ದಾರೆ ಅಂತ ಸಮೇತ ಹಿಡಿದಿದೆ ಇದು! ಆ ದಿನ ಎಲ್ಲೋ ತಪ್ಪಿತ್ತು. ಇದು ಸರಿ ಉಂಟು. ಒಂದಕ್ಕೊಂದು ಸಂಬಂಧವೇ ಇಲ್ಲ!"

"ಸಂಬಂಧ ಇಲ್ಲ!" ಎಂದು ಶೆಟ್ಟರು ಶಿವರಾಜನನ್ನು ತಬ್ಬಿಕೊಂಡರು. "ಸಂಬಂಧ ಇಲ್ಲ ಅಂದ ಮೇಲೆ ಸಂಬಂಧ ಮಾಡುವುದಕ್ಕೆ ಏನು ಅಡ್ಡಿ?"

"ಹಂಗಲ್ರಿ," ಎಂದ ಶಿವರಾಜ, ಶೆಟ್ಟರ ತೋಳಿನ ಒಳಗಿನಿಂದ. "ಅದು ನಿಜಾನ ಅಕ್ಕಿರಿ. ಚೀಲದಾಗಿನ ಅಕ್ಕಿ. ನಾ ಸ್ಟೋರ್ ಕೀಪರ್..."

"ನೋಡು, ದೊಡ್ಡವರು ಹೇಗೆ ಇರುತ್ತಾರೆ," ಎಂದು ಶೆಟ್ಟರು ಮಗನಿಗೆ ಹೇಳಿದರು. "ಇಷ್ಟು ದೊಡ್ಡ ಕೆಲಸ ಮಾಡಿ ಕೂಡ ಎಂಥ ವಿನಯ! ಕಾಲಿಗೆ ಬೀಳು."

ಅಶ್ವಿತ್ ಕಾಲಿಗೆ ಬಿದ್ದ. ಏಳುವಾಗ ಅವನು ಶಿವರಾಜನ ಪಾದವನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಆ ಒತ್ತಿನಲ್ಲಿ ದಯವಿಟ್ಟು ಬಾಯಿ ಮುಚ್ಚಿಕೊಳ್ಳಿ ಎಂಬ ಅರ್ಥ ಸ್ಪಷ್ಟವಾಗಿತ್ತು. ಬಾಗಿಲ ಸಂದಿಯಲ್ಲಿ ರೇಣು ಅಳುತ್ತ ನಗುತ್ತಿದ್ದಳು. ಶಾಮಲಾ ಮಾವಶಿ ತಮ್ಮ ಮನೆಯವರ ಜೆಲ್ ಯಾವಾಗ ಮಾಡಿಕೊಡುತ್ತೀರೆಂದು ಕೇಳುತ್ತಿದ್ದರು.

ಶಿವರಾಜ ತಡೆಯಲಾರದೆ ಅಡುಗೆಮನೆಗೆ ಹೋದ. ಅಲ್ಲಿ ಬಸವಣ್ಣೆವ್ವ ತಟ್ಟೆಗೆ ಪೇಢೆ ಜೋಡಿಸುತ್ತಿದ್ದಳು.

"ಅವ್ವಾ, ಖರೇ ಮಾತು ಯಾರೂ ನಂಬವಲ್ರು. ನೀನರೆ ಕೇಳು..."

"ಅಕ್ಕಿ ಅಂತ ಬರದದ, ಜ್ವಾಳ ಅಂತ ಬರದದ," ಎಂದಳು ಅವಳು, ತಲೆಯೆತ್ತದೆ. "ನಾ ಓದೀನಿ. ಆಕಿನೂ ಓದ್ಯಾಳ."

ಶಿವರಾಜ ಕಣ್ಣು ಬಿಟ್ಟ. "ಆಕಿ ಅಂದ್ರ? ಲೀಲಾಕ್ಷಿಬಾಯಿನೂ?"

"ಈಗಷ್ಟೇ ನನ್ನ ಕಿವ್ಯಾಗ ಹೇಳಿ ಹೋದಳು. ಮೊನ್ನೆ ಅವರ ಚೀಲದಾಗಿಂದ ನೀ ಅಕ್ಕಿ ತಗೊಂಡು ಹೋಗಿದ್ದು ಆಕಿ ನೋಡ್ಯಾಳ. ಹುಡುಗ ಊಟ ಬಿಟ್ಟ ಕೂತಿದ್ದನಂತ, ತಾಯಿ ಜೀವಾ, ಏನು ಮಾಡ್ತದ?" ಬಸವಣ್ಣೆವ್ವ ತಟ್ಟೆಯನ್ನು ಅವನ ಕೈಗೆ ತುರುಕಿದಳು. "ಗಂಡಸರು ನಂಬ್ಯಾರ. ನಂಬಲಿ ಬಿಡು. ಹೋಗು, ಮೊದಲ ಆಕಿಗೆ ಕೊಡು."

ಶಿವರಾಜ ಹೊರಗೆ ಬಂದು ಮೊದಲ ಪೇಢೆಯನ್ನು ಲೀಲಾಕ್ಷಿಯವರಿಗೆ ಕೊಟ್ಟ. ಅವರು ಕನ್ನಡಕ ತೆಗೆದು ಮಡಚಿಟ್ಟು, ಪೇಢೆ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ "ಥ್ಯಾಂಕ್ಸ್, ಸೈಂಟಿಸ್ಟ್ ಸಾಹೇಬರೇ" ಎಂದರು.